ಹಂಪವ್ವನ ಅರಿಶಿನ-ಕುಂಕುಮದ ಹೊಲ

ಹಂಪವ್ವನ ಜೊತೆ ಜಗಳ ಆಡದವರು ನಮ್ಮೂರಿನಲ್ಲಿ ಯಾರೂ ಇಲ್ಲ. ನಾನಂತೂ ವಾರಕ್ಕೊಮ್ಮೆ ಆಡುತ್ತೇನೆ, ಇಲ್ಲದಿದ್ದರೆ ಇಬ್ಬರಿಗೂ ಉಂಡದ್ದು ಅರಗುವುದಿಲ್ಲ. ಆಕೆಯ ಮನೆ ನಾನು ನಡೆಸುವ ಅಂಗನವಾಡಿಯ ಗೋಡೆಗೆ ಹತ್ತಿಕೊಂಡೇ ಇದೆ. ಮಕ್ಕಳ ಗದ್ದಲ ಹೆಚ್ಚಾದರೆ ಹಿತ್ತಲಿನಿಂದಲೇ ಕೂಗುತ್ತಾಳೆ, "ಲಲಿತಾ, ಸಾಲಿ ನಡಸಾಕತ್ತಿಯೋ ಸಂತಿ ನಡಸಾಕತ್ತಿಯೋ?" ನಾನೂ ಬಿಡುವುದಿಲ್ಲ, "ನಿನ್ನ ಗಂಡನ ಗಿರಣಿ ಸಪ್ಪಳಕ್ಕಿಂತ ಕಡಿಮಿ ಐತಿ ಬಿಡಕ್ಕಾ!" ಗಂಡ ಗಾಳೇಶಣ್ಣನದು ಹಿಟ್ಟಿನ ಗಿರಣಿ. ಅದರ ಸಪ್ಪಳದಲ್ಲಿ ಏನು ಹೇಳಿದರೂ ಕೇಳಿಸುವುದಿಲ್ಲವೆಂದು ಆ ಮನುಷ್ಯ ಮಾತಾಡುವುದನ್ನೇ ಬಿಟ್ಟುಬಿಟ್ಟಿದ್ದಾನೆ. ಅವನ ಪಾಲಿನ ಮಾತನ್ನೂ ಹಂಪವ್ವನೇ ಆಡುತ್ತಾಳೆ.

ಆಕೆ ಇದೇ ಊರಿನ ಮಗಳು, ಇದೇ ಊರಿನ ಸೊಸೆ. ತವರುಮನೆ ಎರಡು ಓಣಿಯ ಆಚೆ. ಗಾಳೇಶಣ್ಣನಿಗೆ ಹೊಲ ಇರಲಿಲ್ಲವೆಂದು ಮದುವೆಯ ಹೊತ್ತಿನಲ್ಲಿ ಅಣ್ಣ ವಿರುಪಣ್ಣ ಎರಡು ಎಕರೆಯನ್ನು ಅರಿಶಿನ-ಕುಂಕುಮಕ್ಕೆ ಎಂದು ತಂಗಿಯ ಹೆಸರಿಗೆ ಬರೆಸಿಕೊಟ್ಟ. ನಮ್ಮ ಕಡೆ ಹಾಗೆ ಬಿಟ್ಟ ಹೊಲ ಹೆಣ್ಣುಮಗಳದೇ. ಅದನ್ನು ತವರಿನವರು ಮರಳಿ ಕೇಳಬಾರದು. ಕೇಳಿದ ಮನೆ ಏಳಿಗೆ ಕಾಣುವುದಿಲ್ಲ ಎನ್ನುತ್ತಾರೆ. ಊರವರು ಕೂಡ ಅಂಥ ಹೊಲದ ಮಾತಿಗೆ ಬಾಯಿ ಹಾಕುವುದಿಲ್ಲ.

ಆದರೆ ವಿರುಪಣ್ಣ ಕೊಟ್ಟದ್ದು ಎಂಥ ಹೊಲ! ಊರ ಮಗ್ಗುಲಿನ ಹಳ್ಳ ಒಂದು ಕಡೆ ಕುಡುಗೋಲಿನ ಹಾಗೆ ಬಾಗಿ ತಿರುಗುತ್ತದೆ. ಆ ತಿರುವಿನ ಒಳಗಿನ ಜಾಗ ಅದು. ಹಳ್ಳ ಉಕ್ಕಿದಾಗ ಅರ್ಧ ಹೊಲ ನೀರಿನಲ್ಲಿ ಮುಳುಗುತ್ತಿತ್ತು. "ಅಣ್ಣ ತಂಗಿಗೆ ಹಳ್ಳ ಕೊಟ್ಟಾನ" ಎಂದು ಜನ ನಗುತ್ತಿದ್ದರು. ಹಂಪವ್ವ ಸೊಪ್ಪು ಹಾಕಲಿಲ್ಲ. ನೀರು ಇಳಿದ ಮೇಲೆ ಹಸಿ ಮಣ್ಣಿನಲ್ಲಿ ಸೌತೆ, ಬದನೆ, ಪುಂಡಿಪಲ್ಲೆ ಬೆಳೆದು ಬುಟ್ಟಿ ಹೊತ್ತು ಇರಕಲ್ಲಗಡದ ಸಂತೆಗೆ ಹೋಗುತ್ತಿದ್ದಳು.

ಆ ತಿರುವಿನಲ್ಲಿ ಇನ್ನೂ ಒಂದು ಇತ್ತು. ಬೇಸಿಗೆಯಲ್ಲಿ ಅಲ್ಲಿಯ ಉಸುಕಿನಲ್ಲಿ ಕೈಯಿಂದ ಗುಂಡಿ ತೋಡಿದರೆ ತಿಳಿನೀರು ಒಸರುತ್ತಿತ್ತು. ಅದಕ್ಕೆ ನಾವು ವರ್ತಿ ಅನ್ನುತ್ತೇವೆ. ಊರಿನ ಬೋರ್‌ವೆಲ್ ನೀರು ಸವುಳು, ಅದರಲ್ಲಿ ತೊಗರಿಬೇಳೆಯನ್ನು ಎಷ್ಟು ಹೊತ್ತು ಕುದಿಸಿದರೂ ಅದು ಹಠ ಹಿಡಿದು ಕೂತಿರುತ್ತದೆ. ವರ್ತಿ ನೀರಿನಲ್ಲಾದರೆ ಬೇಳೆ ಬೆಣ್ಣೆ. ಅಂಗನವಾಡಿಯ ಅಡುಗೆಗೆ ನಾನೇ ಅಲ್ಲಿಂದ ಕೊಡ ಹೊತ್ತು ತರುತ್ತಿದ್ದೆ.

ಜನರ ನಗು ವಿರುಪಣ್ಣನ ಕಿವಿಗೆ ಬೀಳದೆ ಇರುತ್ತದೆಯೇ? ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ನಾಲ್ಕು ವರ್ಷದ ಹಿಂದಿನ ಬೇಸಿಗೆಯಲ್ಲಿ ಜೆಸಿಬಿಯನ್ನು ತಂದು ಹಳ್ಳದಲ್ಲಿ ಇಳಿಸಿಯೇಬಿಟ್ಟ. ತಿರುವಿನ ಆ ತುದಿಯಿಂದ ಈ ತುದಿಗೆ ಅವನದೇ ಹೊಲದ ಒಂದು ಪಟ್ಟಿ ಇತ್ತು. ಅದನ್ನು ಕಡಿಸಿ ಹಳ್ಳವನ್ನು ನೆಟ್ಟಗೆ ಮಾಡಿದ. ಹಳೆಯ ತಿರುವಿಗೆ ತನ್ನ ಮೇಲಿನ ಹೊಲದ ಎರೆಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಹೊಡೆಸಿ ತುಂಬಿ ಸಮ ಮಾಡಿಸಿದ. ತಿರುವಿನ ಬಾಯಲ್ಲಿ ಉಳಿದ ಉಸುಕಿನಲ್ಲೇ ನಾವು ವರ್ತಿ ತೋಡಿಕೊಂಡೆವು.

"ಅಣ್ಣಾ, ನಿನ್ನ ಹೊಲ ಕಡಿದು ನನ್ನ ಹೊಲ ಮಾಡ್ತಿಯೇನೋ?" ಎಂದಳು ಹಂಪವ್ವ.

"ಮಾಡ್ತೀನಿ. ಇಷ್ಟು ವರ್ಷ ನನ್ನ ತಂಗಿ ಹಳ್ಳದಾಗ ಬಿತ್ತ್ಯಾಳ. ಇನ್ನ ಮ್ಯಾಲೆ ಹೊಲದಾಗ ಬಿತ್ತಲಿ. ನೀ ಸುಮ್ಮ ಕುಂದ್ರು."

ಸುಳ್ಳು ಯಾಕೆ ಹೇಳಲಿ, ಆಗ ನಾನೂ ಚಪ್ಪಾಳೆ ಹೊಡೆದವಳೇ. ಆ ವರ್ಷ ಎರೆಮಣ್ಣಿನಲ್ಲಿ ಬಿಳಿಜೋಳ ಆಳೆತ್ತರ ಬಂತು. ತೆನೆ ಹಾಲುಗಾಳಾದಾಗ ಹಂಪವ್ವ ಓಣಿಯವರನ್ನೆಲ್ಲ ಹೊಲಕ್ಕೆ ಕರೆದು ಸೀತನಿ ಸುಟ್ಟು ತಿನ್ನಿಸಿದಳು. ಆಕೆಯ ಮುಖದಲ್ಲಿ ಅಂಥ ಸಂತೋಷ ನಾನು ಮಗಳ ಮದುವೆಯಲ್ಲೂ ಕಂಡಿರಲಿಲ್ಲ.

ಮರುವರ್ಷ ಉತ್ತರಿ ಮಳೆ ಜೋರಾಗಿ ಹೊಡೆಯಿತು. ಹಂಪವ್ವನ ಹೊಲಕ್ಕೆ ಒಂದು ಹನಿ ನುಗ್ಗಲಿಲ್ಲ, ಆದದ್ದೆಲ್ಲ ಹಳ್ಳಕ್ಕೇ ಆಯಿತು. ಮೊದಲು ಆ ತಿರುವಿಗೆ ಬಂದ ನೀರು ಹರಡಿಕೊಂಡು, ಉಸುಕು ಇಳಿಸಿ, ನಿಂತು ಹೋಗುತ್ತಿತ್ತು. ಈಗ ನೆಟ್ಟಗಿನ ದಾರಿಯಲ್ಲಿ ಕಾಲಿಗೆ ಬುದ್ಧಿ ಹೇಳಿ ಓಡಿತು. ಓಡುವಾಗ ತಳದ ಉಸುಕನ್ನೆಲ್ಲ ಬಳಿದುಕೊಂಡು ಹೋಗಿ ಬರೀ ಗರಸು, ಬಂಡೆ ಬಿಟ್ಟಿತು. ದಂಡೆಯ ಲಕ್ಕಿ ಗಿಡಗಳು ಬೇರು ಸಮೇತ ಹೋದವು. ಕೆಳಗಿನ ಹೊಲ ಮೆಹಬೂಬಬೀಯದು. ನೀರು ನೇರ ಹೋಗಿ ಆಕೆಯ ದಂಡೆಗೆ ಗುದ್ದಿ, ದೊಡ್ಡ ಹುಣಸೆಮರವನ್ನು ಕೆಡವಿತು. ಬೇಸಿಗೆ ಬರುವ ಮುಂಚೆಯೇ ವರ್ತಿ ಬತ್ತಿತು.

ಯಾರಾದರೂ ಹಂಪವ್ವನಿಗೆ ಒಂದು ಮಾತು ಹೇಳಿದರೇ? ಊಹ್ಞೂಂ. ಅರಿಶಿನ-ಕುಂಕುಮದ ಹೊಲ ನೋಡಿ! ಮೆಹಬೂಬಬೀ ಕೂಡ ಬಾಯಿ ಬಿಡಲಿಲ್ಲ. ಕೊನೆಗೆ ಹಂಪವ್ವನೇ ಬಿದ್ದ ಮರ ಕಂಡು ಕೇಳಿದಾಗ ಆಕೆ ಅಂದದ್ದು ಇಷ್ಟು: "ಏನಂತ ಹೇಳ್ಲಿ ಹಂಪಕ್ಕ? ಅಣ್ಣ ಪ್ರೀತಿಲೆ ಮಾಡಿಕೊಟ್ಟ ಹೊಲ. ಒಂದು ಹುಣಸಿಮರದ ಸಂಬಂಧ ಅಣ್ಣ-ತಂಗಿ ನಡುವ ಬರ್ಲೇನು?" ಹಂಪವ್ವ ಆ ದಿನ ನನ್ನ ಜೊತೆ ಜಗಳ ಆಡಲಿಲ್ಲ.

ಅದೇ ಬೇಸಿಗೆಯಲ್ಲಿ ಆಕೆಯ ಮಗಳು ಮಲ್ಲೇಶ್ವರಿ ಕುಷ್ಟಗಿಯ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ಬಂದಳು. ಹೆಣ್ಣು ಕೂಸು, ಗುಂಡು ಗುಂಡಾಗಿತ್ತು. ನಮ್ಮೂರಲ್ಲಿ ಬಾಣಂತಿ ಮತ್ತೆ ನೀರು-ನಿಡಿ ಮುಟ್ಟಬೇಕಾದರೆ ಮೊದಲು ಗಂಗವ್ವನ ಪೂಜೆ ಆಗಬೇಕು. ವರ್ತಿಯ ಹತ್ತಿರ ಹೋಗಿ, ಐದು ಕಲ್ಲಿಟ್ಟು, ಅರಿಶಿನ-ಕುಂಕುಮ ಏರಿಸಿ, ಗುಗ್ಗರಿ ಹಂಚಿ, ಬಾಣಂತಿ ತನ್ನ ಕೈಯಿಂದ ಒಂದು ಕೊಡ ತುಂಬಿ ಮನೆಗೆ ತರುವುದು ಪದ್ಧತಿ. ನಾವೆಲ್ಲ ಹೆಣ್ಣುಮಕ್ಕಳು ಸೀರೆ ಉಟ್ಟು ಮೆರೆಯುತ್ತ ಹೋದೆವು. ಅಲ್ಲೋ ಇಲ್ಲೋ ಉಳಿದಿದ್ದ ಉಸುಕಿನಲ್ಲಿ ತೋಡಿದೆವು. ಮೊಣಕೈ ಮಟ ಇಳಿದರೂ ಒಣ ಗರಸು.

ಹಂಪವ್ವನ ದೊಡ್ಡವ್ವ ಯಮನೂರಮ್ಮ ಹಲ್ಲಿಲ್ಲದಿದ್ದರೂ ಗತ್ತು ಬಿಟ್ಟವಳಲ್ಲ. ಆಕೆ ಉಪಾಯ ಹೇಳಿದಳು. "ಫಿಲ್ಟರ್ ನೀರಿನ ಕ್ಯಾನ್ ತರ್ರಿ. ಗುಂಡ್ಯಾಗ ಸುರೀರಿ. ಗಂಗವ್ವ ಎಲ್ಲಿದ್ರೂ ಗಂಗವ್ವನ."

ತಂದರು, ಸುರಿದರು. ಹಂಪವ್ವನೇ ಎಲ್ಲರಿಗಿಂತ ಜೋರಾಗಿ ನಕ್ಕಳು. "ಫಿಲ್ಟರ್ ಗಂಗವ್ವ! ಕಾಯಿನ್ ಹಾಕಿದ್ರ ಬರ್ತಾಳ ನೋಡ್ರಿ!" ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗಲೇ ಮಲ್ಲೇಶ್ವರಿ ಕೊಡ ಹಿಡಿದು ಬಗ್ಗಿದಳು. ಅಷ್ಟರಲ್ಲಿ ಒಣಗಿದ ಗರಸು ಕ್ಯಾನಿನ ನೀರನ್ನೆಲ್ಲ ಗಟಗಟ ಕುಡಿದುಬಿಟ್ಟಿತ್ತು. ಅವಳ ಕೊಡದ ತಳದಲ್ಲಿ ಒಂದು ಬೊಗಸೆ ಕೆಸರು. ಹಸಿ ಬಾಣಂತಿ, ತಾಯಿಯ ಮುಖ ನೋಡಿದಳು. "ಇದನ್ನ ಹೊತ್ಕೊಂಡು ಮನಿಗೆ ಬರ್ಲೇನವ್ವಾ?"

ಹಂಪವ್ವನ ನಗು ಅಲ್ಲೇ ನಿಂತಿತು. ಮಲ್ಲೇಶ್ವರಿ ಆ ಕೆಸರನ್ನೇ ಹೊತ್ತು ಮನೆಗೆ ಬಂದಳು. ಹಂಪವ್ವ ಮನೆಯ ಕಟ್ಟೆಯ ಮೇಲೆ ಕುಳಿತು ಅಂದಳು, "ನನ್ನ ಹೊಲ ಊರ ನೀರಿನ ಮ್ಯಾಲೆ ಕುಂತೈತಿ, ಲಲಿತಾ. ಎದ್ದು ಜಾಗ ಬಿಡಬೇಕು."

ನಾನು ಹೌಹಾರಿದೆ. ಆಕೆಯ ಹೆಸರಿನಲ್ಲಿರುವ ಒಂದೇ ಹೊಲ ಅದು. ಅದೂ ಈಗಷ್ಟೇ ಬಂಗಾರದಂಥ ಬೆಳೆ ಕೊಟ್ಟ ಹೊಲ.

ಹಳ್ಳ-ಕೊಳ್ಳದ ಕೆಲಸ ನೋಡುವ ಎಂಜಿನಿಯರ್ ಪ್ರಭುರಾಜ ಎಂಬ ಯಲಬುರ್ಗಾದ ಹುಡುಗ ಪಂಚಾಯ್ತಿಗೆ ಬಂದಾಗ ಹಂಪವ್ವ ಅವನ ಕೈ ಹಿಡಿದೇ ಹಳ್ಳಕ್ಕೆ ಕರೆದೊಯ್ದಳು. ಪಾಪ, ಒಳ್ಳೆಯವನು. ಬೂಟು ಕೈಯಲ್ಲಿ ಹಿಡಿದು ಮೇಲಿಂದ ಕೆಳಗಿನ ತನಕ ನಡೆದ. "ನೆಟ್ಟಗ ಕಡಿದ ದಾರಿ ಬಾಯಿಗೆ ಕಲ್ಲಿನ ಒಡ್ಡು ಹಾಕಬೇಕ್ರಿ. ಹಳೇ ತಿರುವು ಬಿಚ್ಚಬೇಕ್ರಿ. ನೀರು ಹರಡಿ ನಿಲ್ಲಾಕ ಒಳಗಿನ ಹೊಲಾನೂ ತಗ್ಗು ಮಾಡಬೇಕ್ರಿ. ಮ್ಯಾಲಿನ ಒಂದು ಸಣ್ಣ ಪಟ್ಟಿ ಉಳೀತೈತಿ, ಅಷ್ಟ. ಉದ್ಯೋಗ ಖಾತ್ರಿಯೊಳಗ ಮಾಡಾಕ ಬರ್ತೈತಿ. ಆದ್ರ ಅಮ್ಮಾರೆ, ಹೊಲ ನಿಮ್ಮದು, ನೀವು ಒಪ್ಪಬೇಕು. ಒಮ್ಮಿ ಬಿಚ್ಚಿದ ಮ್ಯಾಲೆ ಅಲ್ಲಿ ಜ್ವಾಳ ಬರಂಗಿಲ್ಲ."

"ನಾ ಒಪ್ಪೀನಿ. ನನ್ನಣ್ಣನ್ನ ಕೇಳಿ ಬರ್ತೀನಿ" ಎಂದಳು. ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋದಳು. "ಒಬ್ಬಾಕಿನ ಹೋದ್ರ ಅತ್ತುಬಿಡ್ತೀನಿ. ನೀ ಇದ್ರ ಜಗಳ ಆಡ್ತೀನಿ, ಬಾ."

ವಿರುಪಣ್ಣ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ. ತಂಗಿಯ ಮಾತು ಪೂರ್ತಿ ಕೇಳಿದ. ಮುಖ ಕೆಂಪಗಾಯಿತು.

"ಮೊದಲು ಕೊಟ್ಟದ್ದು ಛಲೋ ಇರಲಿಲ್ಲಂತ ಛಲೋ ಮಾಡಿಕೊಟ್ಟೆ. ಈಗ ಅದೂ ಛಲೋ ಇಲ್ಲೇನು?"

"ಭಾಳ ಛಲೋ ಐತಣ್ಣಾ. ಅದಕ್ಕ ಬಿಡಾಕ ಹೊಟ್ಟಿ ಉರೀತೈತಿ."

"ಒಡ್ಡು ಹಾಕಿದ್ರ ನಾ ಕಡಿಸಿದ ಪಟ್ಟಿ ಮತ್ತ ನನಗ ಬರ್ತೈತಿ, ಗೊತ್ತೈತಿಲ್ಲ? ಊರು ಏನಂತೈತಿ? ವಿರುಪಣ್ಣ ಹೆಣ್ಣುಮಗಳ ಹೊಲ ಹಳ್ಳಕ್ಕ ಹಾಕಿ ತನ್ನ ಹೊಲ ಉಳಿಸ್ಕೊಂಡ ಅಂತೈತಿ. ಅರಿಶಿನ-ಕುಂಕುಮಕ್ಕ ಕೊಟ್ಟದ್ದು ನುಂಗಿದ ಮನಿತನ ಅಂತೈತಿ!"

"ನೀ ಎಲ್ಲಿ ನುಂಗಿದಿ? ನಾ ಬಿಡಾಕತ್ತೀನಿ."

"ಮಂದಿ ಬಾಯಿಗೆ ಅದೆಲ್ಲಾ ತಿಳಿತೈತೇನು?" ಹಗ್ಗವನ್ನು ಬೀಸಿ ಒಗೆದ. "ಹಂಗ ಮಾಡೂದಿದ್ರ ನಿನಗೊಬ್ಬ ಅಣ್ಣ ಇದ್ದ ಅನ್ನೂದು ಮರತುಬಿಡು."

ನನಗೆ ಸಿಟ್ಟು ನೆತ್ತಿಗೇರಿತು. ಏನೋ ಹೇಳಲು ಬಾಯಿ ತೆರೆದೆ, ಹಂಪವ್ವ ನನ್ನ ಕೈ ಹಿಸುಕಿ ಹೊರಗೆ ಕರೆತಂದಳು. ಅಂಗನವಾಡಿಯ ಕೋಣೆಯಲ್ಲಿ ಬೇಳೆಯ ಚೀಲಕ್ಕೆ ಒರಗಿ ಕುಳಿತು ಅತ್ತಳು, ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ. "ಹೊಲ ಬಿಟ್ಟೇನು ಲಲಿತಾ, ಅಣ್ಣನ್ನ ಹೆಂಗ ಬಿಡ್ಲಿ?" ನನ್ನ ಕಣ್ಣೂ ತುಂಬಿದವು. ನಾಲ್ಕಾರು ದಿನ ಆಕೆ ಹಿಂದೆ-ಮುಂದೆ ನೋಡಿದಳು. ಬೇಡ ಬಿಡು ಎಂದು ಎಂಜಿನಿಯರಿಗೆ ಫೋನ್ ಮಾಡಲು ಒಮ್ಮೆ ಹೊರಟೂ ಹೊರಟಳು. ಆಗ ಗಾಳೇಶಣ್ಣ ಗಿರಣಿ ನಿಲ್ಲಿಸಿ ಬಂದ. ಮೈಯೆಲ್ಲ ಹಿಟ್ಟು.

"ಹೊಲ ನಿನ್ನದು, ಮಾತು ನಿನ್ನದು. ಮಗಳು ಆ ಕೆಸರು ಹೊತ್ಕೊಂಡು ಬಂದಿದ್ದು ನಾ ನೋಡೀನಿ. ಗಿರಣಿ ಐತಿ, ಉಪವಾಸ ಬೀಳಂಗಿಲ್ಲ" ಎಂದು ತಿರುಗಿ ಹೋಗಿ ಗಿರಣಿ ಚಾಲೂ ಮಾಡಿದ. ಆ ಮನುಷ್ಯನ ಬಾಯಿಂದ ಅಷ್ಟು ಉದ್ದದ ಮಾತನ್ನು ನಾನು ಮೊದಲ ಸಲ ಕೇಳಿದ್ದು.

ಬೇಸಿಗೆಯಲ್ಲೇ ಕೆಲಸ ಶುರುವಾಯಿತು. ಊರಿನ ಹೆಣ್ಣುಮಕ್ಕಳು, ಗಂಡಸರು ಬುಟ್ಟಿ-ಸಲಿಕೆ ಹಿಡಿದು ಬಂದರು. ಮೊದಲ ಬುಟ್ಟಿ ಮಣ್ಣನ್ನು ಹಂಪವ್ವನೇ ಎತ್ತಿದಳು. ಬಿಚ್ಚಿದ ಎರೆಮಣ್ಣು ತಮ್ಮ ಹೊಲಕ್ಕೆ ಬೇಕೆಂದು ಮಂದಿ ಮುಗಿಬಿದ್ದರು. ಆಕೆ ಒಪ್ಪಲಿಲ್ಲ. "ಇದು ನಮ್ಮಣ್ಣನ ಮಣ್ಣು. ಆಂವನ ಬದುವಿಗೇ ಹೋಗಲಿ" ಎಂದು ಅಲ್ಲಿಯೇ ಗುಡ್ಡೆ ಹಾಕಿಸಿದಳು. ವಿರುಪಣ್ಣ ಆ ಗುಡ್ಡೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮಳೆಗಾಲ ಹಿಡಿಯುವಷ್ಟರಲ್ಲಿ ಒಡ್ಡು ಎದ್ದಿತು, ಹೊಲ ತಟ್ಟೆಯ ಹಾಗೆ ತಗ್ಗಾಯಿತು.

ನಾಗರ ಪಂಚಮಿ ಬಂತು. ಮದುವೆಯಾದಾಗಿನಿಂದ ಆ ಹಬ್ಬಕ್ಕೆ ತವರಿನಿಂದ ಉಂಡಿಯ ಡಬ್ಬಿ ತಪ್ಪಿದ್ದಿಲ್ಲ. ಎಳ್ಳುಂಡಿ, ಶೇಂಗಾ ಉಂಡಿ, ತಂಬಿಟ್ಟು. ಎರಡು ಓಣಿಯ ಆಚೆಯಿಂದ ಬರಬೇಕು, ಇಷ್ಟೇ. ಬರಲಿಲ್ಲ. ಹಂಪವ್ವ ಸಂಜೆಯ ತನಕ ಬಾಗಿಲಿನಲ್ಲೇ ಅಕ್ಕಿ ಆರಿಸುವ ನೆಪ ಮಾಡಿ ಕುಳಿತಿದ್ದಳು. ನಾನು ನಮ್ಮ ಮನೆಯ ಉಂಡಿ ಒಯ್ದುಕೊಟ್ಟೆ. "ನಿನ್ನ ಉಂಡಿ ಕಲ್ಲಾಗ್ಯಾವು" ಎಂದಳು. ಆದರೂ ಮುಖದಲ್ಲಿ ನಗು ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಮೇಲಿನ ಗುಡ್ಡದ ಕಡೆ ಮೋಡ ಒಡೆದು ಸುರಿಯಿತು. ಸ್ವಲ್ಪ ಹೊತ್ತಿಗೆ ಹಳ್ಳ ಕೆಂಪಗೆ ಗರ್ಜಿಸುತ್ತ ಬಂತು. ಊರೆಲ್ಲ ದಂಡೆಗೆ ಓಡಿತು. ನೀರು ಹೊಸ ಒಡ್ಡಿಗೆ ಬಡಿಯಿತು, ಹಳೆಯ ತಿರುವಿನ ಕಡೆ ಹೊರಳಿತು. ನಾವು ಹೋ ಎಂದು ಕೂಗುತ್ತಿರುವಾಗಲೇ ಒಡ್ಡಿನ ಆ ತುದಿ, ವಿರುಪಣ್ಣನ ಬದುವಿಗೆ ಹತ್ತಿದ ಕಡೆ, ಕೊರೆಯತೊಡಗಿತು. ಸಂದು ದೊಡ್ಡದಾದರೆ ಮುಗಿಯಿತು, ನೀರು ಮತ್ತೆ ನೆಟ್ಟಗಿನ ದಾರಿ ಹಿಡಿಯುತ್ತದೆ. ಹಂಪವ್ವನ ಹೊಲವೂ ಹೋದಂತೆ, ಹಳ್ಳವೂ ಬರದಂತೆ. ಕೆಳಗೆ ಮೆಹಬೂಬಬೀ ಎರಡೂ ಕೈ ಎದೆಗೆ ಒತ್ತಿಕೊಂಡು ನಿಂತಿದ್ದಳು. ಗಂಡಸರು ತಂದ ಉಸುಕಿನ ಚೀಲ ಮುಗಿದವು.

ಆಗ ವಿರುಪಣ್ಣ ಬಂದ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಮೊಣಕಾಲ ಮಟ ಕೆಸರು. ಒಂದು ಕ್ಷಣ ಸಂದನ್ನು ನೋಡಿದ. ಆಮೇಲೆ ಊರು ನಡುಗುವಂತೆ ಒದರಿದ, "ಏನ್ ನೋಡಾಕತ್ತೀರಿ? ನನ್ನ ಬದುವಿನ ಕಲ್ಲು ಕೀಳ್ರಲೇ! ಆ ಮಣ್ಣಿನ ಗುಡ್ಡಿ ಚೀಲಕ್ಕ ತುಂಬ್ರಿ! ಬಣವಿ ಬಿಚ್ಚ್ರಿ!" ದನಗಳಿಗೆ ವರ್ಷಪೂರ್ತಿ ಆಗಬೇಕಾದ ಜೋಳದ ಕಣಿಕೆಯ ಬಣವೆ ಅದು. ಸೂಡು ಸೂಡು ಕಣಿಕೆ ಸಂದಿಗೆ ತುರುಕಿ, ಅದರ ಮೇಲೆ ಮಣ್ಣಿನ ಚೀಲ, ಅದರ ಮೇಲೆ ಬದುವಿನ ಕಲ್ಲು. ವಿರುಪಣ್ಣ ಸೊಂಟಮಟ ನೀರಿನಲ್ಲಿ ನಿಂತು ತಾನೇ ಕೂರಿಸಿದ. ಒಡ್ಡು ನಿಂತಿತು. ಹಳ್ಳ ಒಮ್ಮೆ ಮುಲುಗಿ, ಹೊರಳಿ, ಅಗಲವಾಗಿ ಹಂಪವ್ವನ ಹೊಲದ ತುಂಬ ಹರಡಿತು.

ಎರಡು ಎಕರೆ ಹೊಲ ಕಣ್ಣೆದುರೇ ಮುಳುಗುವುದನ್ನು ಹಂಪವ್ವ ನೋಡಿದಳು. ಅಳುತ್ತಿದ್ದಳೋ ಮಳೆಯೋ ನನಗೆ ಗೊತ್ತಾಗಲಿಲ್ಲ. ವಿರುಪಣ್ಣ ಮೇಲೆ ಹತ್ತಿ ಬಂದು ತಂಗಿಯ ಮುಂದೆ ನಿಂತ. ಅಷ್ಟು ದೊಡ್ಡ ಆಳು, ಕಣ್ಣು ಒರೆಸಿಕೊಂಡ.

"ಹೊಲ ಹೋತಲ್ಲವ್ವಾ, ಹಂಪೀ."

"ಹೊಲದ್ದು ಅತ್ಲಾಗಿರಲಿ" ಎಂದು ಹಂಪವ್ವ ಅವನ ಎದೆಗೆ ಒಂದು ಗುದ್ದು ಗುದ್ದಿದಳು. "ಪಂಚಮಿಗೆ ಉಂಡಿ ಯಾಕ ಕಳಸಲಿಲ್ಲ ನೀ? ಅದನ್ನ ಹೇಳು ಮೊದಲ!"

ಮರುದಿನವೇ ಉಂಡಿಯ ಡಬ್ಬಿ ಬಂತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಓಣಿಯವರೆಲ್ಲ ಉಂಡಿ ತಿಂದೆವು.

ಎಲ್ಲ ಒಮ್ಮೆಲೇ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಒಡ್ಡಿನ ಆ ತುದಿಯನ್ನು ಮತ್ತೊಮ್ಮೆ ಕಟ್ಟಬೇಕಾಯಿತು. ಮೊದಲ ಬೇಸಿಗೆಯಲ್ಲಿ ವರ್ತಿಯ ನೀರು ಹೋಳಿಹುಣ್ಣಿಮೆ ದಾಟಲಿಲ್ಲ. ಈ ವರ್ಷ ಯುಗಾದಿ ದಾಟಿದೆ. ತಿರುವಿನಲ್ಲಿ ಬಿಳಿ ಉಸುಕು ಮೊಳಕಾಲುದ್ದ ಕೂತಿದೆ, ದಂಡೆಗೆ ಲಕ್ಕಿ ಚಿಗುರಿದೆ. ಮೆಹಬೂಬಬೀ ಹುಣಸೆಯ ಸಸಿ ಹಚ್ಚಿದ್ದಾಳೆ, ಆಕೆಯ ದಂಡೆ ಈಗ ಕುಸಿಯುತ್ತಿಲ್ಲ. ಅಂಗನವಾಡಿಯಲ್ಲಿ ಬೇಳೆ ಬೇಯುತ್ತಿದೆ. ಹಂಪವ್ವ ಉಳಿದ ಸಣ್ಣ ಪಟ್ಟಿಯಲ್ಲಿ ಬದನೆ ಹಾಕಿ ಸಂತೆಗೆ ಹೋಗುತ್ತಾಳೆ. ಆಗೊಮ್ಮೆ ಈಗೊಮ್ಮೆ ಜೋಳದ ನೆನಪಾಗಿ ಉಸ್ಸೆನ್ನುತ್ತಾಳೆ, ಅದೂ ನಿಜ.

ಹೋದ ವಾರ ಬೆಳಿಗ್ಗೆ ನಾವಿಬ್ಬರೂ ಕೊಡ ಹಿಡಿದು ಹೋದಾಗ ತಿರುವಿನ ಬಾಯಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಎಲ್ಲಿಯವರೋ, ಉಸುಕು ಎತ್ತಲು ಬಂದವರು. ಟ್ರ್ಯಾಲಿ ಹಿಂದಕ್ಕೆ ಸರಿಸುತ್ತಿದ್ದರು. ಇಷ್ಟು ಕಷ್ಟಪಟ್ಟು ಕೂತ ಉಸುಕು ನಾಲ್ಕು ದಿನದಲ್ಲಿ ಖಾಲಿಯಾಗುತ್ತದೆ. ನಾನು ಸೆರಗು ಸಿಕ್ಕಿಸಿ ಮುಂದೆ ನುಗ್ಗುವಷ್ಟರಲ್ಲಿ ವಿರುಪಣ್ಣ ತನ್ನ ಬದುವಿನಿಂದ ಜಿಗಿದು ಟ್ರ್ಯಾಕ್ಟರಿನ ಮುಂದೆ ಅಡ್ಡ ನಿಂತಿದ್ದ. ಕೈಯಲ್ಲಿ ಬಾರುಕೋಲು.

"ದಾರಿ ಬಿಡೋ ಯಜಮಾನ" ಎಂದ ಡ್ರೈವರ್. "ಹಳ್ಳದ ಉಸುಕಿಗೆ ಯಾರ ಅಪ್ಪಣಿ ಬೇಕು?"

"ಹಳ್ಳ? ಯಾವ ಹಳ್ಳ?" ವಿರುಪಣ್ಣನ ದನಿ ಆಚೆಯ ದಂಡೆಗೆ ಬಡಿದು ಬಂತು. "ಕಣ್ಣು ಬಿಟ್ಟು ನೋಡಲೇ! ಇದು ನನ್ನ ತಂಗಿ ಹೊಲ. ಅರಿಶಿನ-ಕುಂಕುಮಕ್ಕ ನಾನ ಕೊಟ್ಟೀನಿ, ಪಟ್ಟಾ ಆಕಿ ಹೆಸರಿಲೆ ಐತಿ. ಒಂದು ಬೊಗಸಿ ಉಸುಕು ಮುಟ್ಟಿ ನೋಡು!"

ಮೇಲಿನ ದಾರಿಯಲ್ಲಿ ಹೊರಟವರು ಒಬ್ಬೊಬ್ಬರೇ ನಿಂತರು, ಕೆಳಗೆ ಇಳಿದರು. ಡ್ರೈವರ್ ಅತ್ತ ಇತ್ತ ನೋಡಿದ. ಟ್ರ್ಯಾಕ್ಟರ್ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಹಂಪವ್ವ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಅಣ್ಣನ ಹತ್ತಿರ ಹೋದಳು. ಕಣ್ಣು ಒದ್ದೆಯಾಗಿದ್ದರೂ ಬಾಯಿ ಸುಮ್ಮನಿರಬೇಕಲ್ಲ. "ಹೊಲ ಹೋತು ಅಂತ ಅತ್ತಿದ್ದಿ?"

"ಯಾರು ಅತ್ತಿದ್ರು?" ವಿರುಪಣ್ಣ ಬಾರುಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ನಿನ್ನ ಹೊಲ ನಾ ಕಾಯ್ತೀನಿ. ನೀ ನೀರು ತುಂಬ್ಕೊಂಡು ಮನಿಗೆ ನಡಿ."